ದೊಡ್ಡವ್ವನ ಡಬ್ಬಿ

ಆನೆ ಬಂದು ಹಿತ್ತಲಿನ ಬಾಳೆ ಮುರಿಯಬಹುದಿತ್ತು. ಹೆಂಚಿನ ಸಂದಿಯಿಂದ ಹಾವು ಇಳಿಯಬಹುದಿತ್ತು. ಮನೆಯಲ್ಲಿ ಮೂರು ಹಾಸಿಗೆಗಳಿದ್ದರೂ ಅದು ನನ್ನದಕ್ಕೇ ಬರುತ್ತದೆಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಬಾವಿ ಬತ್ತಬಹುದಿತ್ತು, ಇಲ್ಲವೇ ಮಳೆಗಾಲದಲ್ಲಿ ಉಕ್ಕಬಹುದಿತ್ತು. ಮಗಳಿಗೆ ಶಾಲೆ ಹಿಡಿಸದೆ ಹೋಗಬಹುದಿತ್ತು. ಗ್ಯಾಸ್ ಸಿಲಿಂಡರ್ ತರುವ ಗಾಡಿ ನಮ್ಮ ಓಣಿಯನ್ನೇ ಮರೆಯಬಹುದಿತ್ತು. ಹೆಂಡತಿಗೆ ಹಳಿಯಾಳದ ಬ್ಯಾಂಕಿಗೆ ವರ್ಗವಾದ ದಿನದಿಂದ ಹತ್ತಿರದ ಸಾಂಬ್ರಾಣಿ ಎಂಬ ಊರಿನ ಅಜ್ಜನ ಮನೆ ಮುಂದೆ ಸಾಮಾನು ಇಳಿಸುವ ತನಕ ಇವನ್ನೆಲ್ಲ ಒಂದಾದ ಮೇಲೊಂದು ಯೋಚಿಸಿ ಮುಗಿಸಿದ್ದೆ.

ಯಾವುದೂ ಆಗಲಿಲ್ಲ. ಇಷ್ಟೆಲ್ಲ ಯೋಚಿಸಿದವನು ಎದುರು ಮನೆಯ ದೊಡ್ಡವ್ವನ ಬಗ್ಗೆ ಯೋಚಿಸಿರಲಿಲ್ಲ.

ಅಜ್ಜ ಬಟ್ಟೆ ಗಿರಣಿಯ ಕೆಲಸಕ್ಕೆಂದು ಸೊಲ್ಲಾಪುರಕ್ಕೆ ಹೋದವನು ಅಲ್ಲೇ ಉಳಿದ. ನಾನು ಹುಟ್ಟಿ ಬೆಳೆದದ್ದೂ ಅಲ್ಲೇ. ದೊಡ್ಡಪ್ಪ ಮಾತ್ರ ಊರಿಗೆ ಮರಳಿ ಹೊಲ ಹಿಡಿದಿದ್ದ. ಅವನ ಹೆಂಡತಿಯೇ ಈ ದೊಡ್ಡವ್ವ. ನಾವು ಬರುವ ತನಕ ಅಜ್ಜನ ಮನೆಯಲ್ಲಿ ಭತ್ತದ ಚೀಲ ಇಟ್ಟುಕೊಂಡಿದ್ದಳು. ನನ್ನ ಹೆಂಡತಿ ಬ್ಯಾಂಕಿಗೆ ಹೋಗುತ್ತಾಳೆ, ಮನೆಯಲ್ಲೇ ಕೂತು ಪುಸ್ತಕದ ಕರಡು ತಿದ್ದುವ ನಾನು ಅಡುಗೆ ಮಾಡುತ್ತೇನೆ ಎಂಬುದು ಗೊತ್ತಾದ ಮರುದಿನವೇ ಬೆಳಿಗ್ಗೆ ತಿಂಡಿಯ ಹೊತ್ತಿಗೆ ಡಬ್ಬಿ ಬಂತು. ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ. ಅದರ ಮರುದಿನವೂ ಬಂತು.

"ದೊಡ್ಡವ್ವಾ, ನಾ ಮಾಡ್ತೇನಿ ಬಿಡು" ಅಂದೆ.

"ನೀ ಮಾಡೂದು ಗೊತ್ತೈತಿ. ಅದಕ್ಕ ತಂದೇನಿ."

ಊರಿಗೆಲ್ಲ ಇದು ತಿಳಿಯಿತು. ಹಿಟ್ಟಿನ ಗಿರಣಿಗೆ ಜೋಳ ಒಯ್ದರೆ ಗಿರಣಿಯವನು ಮುಖ ಗಂಭೀರ ಮಾಡಿಕೊಂಡು, "ಏನ್ರೀ ಸಾಹೇಬ್ರ, ನಿಮ್ಮ ಮನ್ಯಾಗೂ ಹಿಟ್ಟು ಬೇಕಾಗ್ತೈತೇನ್ರಿ?" ಎನ್ನುತ್ತಿದ್ದ. ನಡುವಯಸ್ಸಿನಲ್ಲಿ ಹಿರಿಯರ ಊರಿಗೆ ಬಂದು ಒಂದು ಮನೆ ಹೂಡಿದ್ದೇನೆ ಎಂದುಕೊಂಡವನಿಗೆ, ಊರು ನನ್ನನ್ನು ಮನೆಯವನೆಂದಲ್ಲ, ಡಬ್ಬಿ ಉಣ್ಣುವವನೆಂದು ಲೆಕ್ಕಕ್ಕೆ ಹಿಡಿದಿರುವುದು ಚುಚ್ಚುತ್ತಿತ್ತು.

ಮೇಲಾಗಿ, ಬಂದ ಡಬ್ಬಿಯನ್ನು ಬರಿದಾಗಿ ಮರಳಿಸುವಂತಿಲ್ಲ. ಮೊದಮೊದಲು ಒಂದು ಚಮಚ ಸಕ್ಕರೆ ಹಾಕಿದೆವು. ವಾರವಿಡೀ ಸಕ್ಕರೆಯೇ ಹೋದಾಗ, "ನನಗ ಶುಗರ್ ಐತಿ, ಗೊತ್ತಿಲ್ಲೇನು? ಕೊಲ್ಲಾಕ ಹೊಂಟಿಯೇನು?" ಎಂಬ ಸುದ್ದಿ ಬಂತು. ಹೀಗಾಗಿ ಭಾನುವಾರಗಳಂದು ಡಬ್ಬಿಗೆ ಹಾಕುವ ಪದಾರ್ಥ ಹುಡುಕಿಕೊಂಡು ಹಳೇ ಕಾರಿನಲ್ಲಿ ತಿರುಗತೊಡಗಿದೆವು. ಈ ಸೀಮೆಯನ್ನು ನಾನು ನೋಡಿದ್ದೇ ಹಾಗೆ. ಗೋವಾ ರಸ್ತೆಯ ರಾಮನಗರದಲ್ಲಿ ಆ ಕಡೆಯ ಪಾವು ಬ್ರೆಡ್ಡು. ಮಾವಿನ ಕಾಲಕ್ಕೆ ಪಾಳಾ ಎಂಬ ಊರಿನಿಂದ ಉಪ್ಪಿನಕಾಯಿಯ ಕಾಯಿ. ದಾಂಡೇಲಿಯಲ್ಲಿ ಏನೂ ಕೊಳ್ಳಲಿಲ್ಲ. ನದಿಯ ಬಂಡೆಯ ಮೇಲೆ ಮೊಸಳೆ ಮಲಗಿದೆ ಎಂದು ಮಗಳು ಕುಣಿದಳು, ನಾನು ಕಾರಿನ ಗಾಜು ಏರಿಸಿಕೊಂಡು ಕೂತೆ. ಮುಂಡಗೋಡದ ಟಿಬೆಟನ್ನರ ಕ್ಯಾಂಪಿನಿಂದ ತಂದ ಎಲೆಕೋಸಿನ ಮೊಮೊವನ್ನು ದೊಡ್ಡವ್ವ ಬೆಳಕಿಗೆ ಹಿಡಿದು ನೋಡಿ ಕಚ್ಚಿದಳು.

"ಕಡಬು ಚಲೋ ಕಟ್ಟ್ಯಾರ. ಹೂರಣ ಹಾಕೂದ ಮರತಾರ, ಪಾಪ."

ಕೊನೆಗೊಂದು ದಿನ ಧೈರ್ಯ ಮಾಡಿ ಊಟಕ್ಕೆ ಕರೆದೆ. ಅವಳು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾ ನನ್ನನ್ನು ಅಳೆದು ನೋಡಿದಳು.

"ಬರ್ತೇನಿ. ಆದ್ರ ಕೇಳು ತಮ್ಮಾ, ನಾ ಬಾಯಿಬಿಟ್ಟು ಎರಡನೇ ಸರ್ತಿ ನೀಡಿಸಿಕೊಂಡ್ರ ಅವತ್ತಿಗೆ ಡಬ್ಬಿ ಬಂದ್. ಇಲ್ಲಾಂದ್ರ ನಾ ಇರೂತನಾ ಡಬ್ಬಿ ಉಣ್ಣಬೇಕು, ಏನು?"

ಅವಳ ಅಡುಗೆಯನ್ನೇ ಅವಳಿಗೆ ಮಾಡಿ ಬಡಿಸಿದರೆ ಸೋಲು ಖಚಿತ. ಜೋಯಿಡಾಕ್ಕೆ ಹೋಗಿ ರಸ್ತೆ ಪಕ್ಕದಲ್ಲಿ ಗೆಡ್ಡೆ ಗುಡ್ಡೆ ಹಾಕಿಕೊಂಡು ಕೂತಿದ್ದ ಹೆಂಗಸಿನಿಂದ ಕೆಸುವಿನ ಜಾತಿಯ ಒಂದು ದೊಡ್ಡ ಗೆಡ್ಡೆ ತಂದೆ. ಅವಳದು ಕೊಂಕಣಿ, ನನ್ನದು ಸೊಲ್ಲಾಪುರದ ಮರಾಠಿ. ನನ್ನ ಮುಖದಲ್ಲಿದ್ದ ಅಂಜಿಕೆ ನೋಡಿ ಅವಳು ಗಂಟಲು ಕೆರೆದು ತೋರಿಸಿ ನಕ್ಕಳು. ಆಮೇಲೆ ಒಂದು ಕಣ್ಣು ಮುಚ್ಚಿ ಬಾಯಿ ಸೊಟ್ಟ ಮಾಡಿದಳು. ಹುಳಿಯಲ್ಲಿ ನೆನೆಸಬೇಕು ಎಂದರ್ಥ.

"ದೊಡ್ಡವ್ವಗ ಗಂಟಲು ಕಡದ್ರ ಊರು ಬಿಡಬೇಕಾಗ್ತದ, ನೋಡ್ರಿ" ಎಂದಳು ಹೆಂಡತಿ.

ಹುಣಸೆ ನೀರಿನಲ್ಲಿ ನೆನೆಸಿದೆ. ಸಾಲದೆನ್ನಿಸಿ ಇನ್ನಷ್ಟು ಹುಣಸೆ ಹಿಂಡಿದೆ. ಒಂದು ಹೋಳು ಬೇಯಿಸಿ ತಿಂದು ಕನ್ನಡಿಯಲ್ಲಿ ಗಂಟಲು ನೋಡಿಕೊಂಡೆ. ಮಗಳು ಟಾರ್ಚು ಹಿಡಿದಿದ್ದಳು. ಉಳಿದ ಹೋಳುಗಳಿಗೆ ಖಾರ, ಅರಿಶಿನ ಹಚ್ಚಿ ಅಕ್ಕಿ ರವೆಯಲ್ಲಿ ಹೊರಳಿಸಿ ತವೆಯ ಮೇಲೆ ಎಣ್ಣೆಯಲ್ಲಿ ಕೆಂಪಗೆ ಕರಿದೆ. ಜೊತೆಗೆ ಅನ್ನ, ಕಟ್ಟಿನ ಸಾರು.

ದೊಡ್ಡವ್ವ ಇಳಕಲ್ ಸೀರೆ ಉಟ್ಟು ಬಂದಳು. ಗೋಡೆಗೆ ಬೆನ್ನು ಕೊಟ್ಟು ಕೂತು ಒಂದು ಹೋಳು ಮುರಿದು ಬಾಯಿಗಿಟ್ಟಳು. ಅಗಿದಳು. ಅವಳು ನುಂಗಿದಾಗ ನಾನೂ ನುಂಗಿದೆ. ಸಾರು ಕಲಸಿದಳು, ಮಳೆಯ ಮಾತಾಡಿದಳು, ಮಗಳ ಜಡೆ ಸಡಿಲವಾಯಿತೆಂದಳು. ತಟ್ಟೆ ಬರಿದಾಯಿತು. ನಾನು ಸೌಟು ಹಿಡಿದು ನಿಂತೇ ಇದ್ದೆ. ಅವಳಾಗಿ ಕೇಳದೆ ಬಡಿಸಿದರೆ ಲೆಕ್ಕಕ್ಕೆ ಬರುವುದಿಲ್ಲವಲ್ಲ.

"ಏನ್ ಕಂಬದಂಗ ನಿಂತೀ? ಆ ಕರದದ್ದು ಇನ್ನೆರಡು ಹಾಕು."

ಹಾಕಿದೆ. ಸ್ವಲ್ಪ ಹೊತ್ತಿನ ಮೇಲೆ, "ಉಪ್ಪು ಕಡಿಮಿ ಆಗೇತಿ" ಎಂದು ಮತ್ತೊಂದು ಹಾಕಿಸಿಕೊಂಡಳು. ಕೈ ತೊಳೆದು ಎಲೆಗೆ ಸುಣ್ಣ ಹಚ್ಚುತ್ತಾ, ಹೆಂಡತಿಯನ್ನು ಕರೆದು ಹೇಳಿದಳು: "ಇವರ ಅಜ್ಜನ ಒಲಿ ಹತ್ತಿತವಾ. ಇನ್ನ ನಾ ಮುಂಜಾನೆ ಜರಾ ಮಲ್ಕೊಳ್ಳಾಕ ಅಡ್ಡಿಯಿಲ್ಲ."

ಮರುದಿನ ಬೆಳಿಗ್ಗೆ ಮಗಳು ಶಾಲೆಯ ಚೀಲ ಹಾಕಿಕೊಂಡು, ಹೆಂಡತಿ ಬ್ಯಾಂಕಿನ ಸೀರೆ ಉಟ್ಟು, ನಾನು ಪೇಪರ್ ಹಿಡಿದು, ಮೂವರೂ ಪಡಸಾಲೆಯಲ್ಲಿ ಕೂತು ಎದುರು ಮನೆಯ ಬಾಗಿಲು ನೋಡುತ್ತಿದ್ದೆವು. ಅದು ಮುಚ್ಚಿತ್ತು. ಬಸ್ಸಿನ ಹಾರ್ನ್ ಕೇಳಿದ ಮೇಲೆಯೇ ಹೊಳೆದದ್ದು, ತಿಂಡಿ ಯಾರೂ ಮಾಡಿರಲಿಲ್ಲ. ಮಗಳು ಅವತ್ತು ಶಾಲೆಗೆ ಬಿಸ್ಕತ್ತು ತಿಂದು ಹೋದಳು.