ಅರ್ಧ ಪುಸ್ತಕದ ಪೆಟ್ಟಿಗೆ ಮಾಸ್ತರ

ಆತನ ಬಲಗೈಯ ಉಂಗುರದ ಬೆರಳು ಕುಡುಗೋಲಿನ ತುದಿಯ ಹಾಗೆ ಒಳಕ್ಕೆ ಬಾಗಿತ್ತು. ಉಗುರು ಅಂಗೈಗೆ ತಾಗುತ್ತಿತ್ತು. ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವಾಗ ಉಳಿದ ನಾಲ್ಕು ಬೆರಳು ಓಡಾಡುತ್ತಿದ್ದರೆ ಇದೊಂದು ಮಾತ್ರ ತಪ್ಪು ಮಾಡಿ ಮೂಲೆ ಸೇರಿದವರಂತೆ ಮುದುಡಿಕೊಂಡು ಕೂತಿರುತ್ತಿತ್ತು. ಬಾರಿಸದೇ ಇರುವಾಗ ಆ ಕೈ ಶಾಲಿನೊಳಗೆ. ಸುಡುಸುಡು ಬೇಸಿಗೆಯಲ್ಲೂ ಶಾಲು. ಬೆರಳಿಗೆ ಏನಾಯಿತೆಂದು ಕೇಳಿದವರಲ್ಲಿ ಒಬ್ಬರಿಗೆ ಬಂಡಿ ಹಾಯಿತು ಅನ್ನುತ್ತಿದ್ದ, ಇನ್ನೊಬ್ಬರಿಗೆ ಚೇಳು ಕಡಿಯಿತು ಅನ್ನುತ್ತಿದ್ದ. ನನಗೆ ಎರಡೂ ಹೇಳಿದ್ದ. ಮೊದಲು ಹೇಳಿದ್ದು ಆತನಿಗೇ ಮರೆತಿತ್ತು.

ನಾನು ಹೂವಿನಹಡಗಲಿಯವಳು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಮಲ್ಲಿಗೆ ಕಟ್ಟಲು ಕೂತವಳು ಇವತ್ತಿಗೂ ಎದ್ದಿಲ್ಲ. ಬರೆಯುವುದು ನನ್ನ ಕಸುಬಲ್ಲ. ಆದರೆ ಹೋದ ತಿಂಗಳು ನನ್ನ ಮೊಮ್ಮಗಳಿಗೆ ಹೊಸಪೇಟೆ ಕಡೆಯ ಒಂದು ಶಾಲೆಯಲ್ಲಿ ಸಂಗೀತದ ಟೀಚರ್ ಕೆಲಸ ಸಿಕ್ಕಿತು. ಅಂತಿಂಥ ಶಾಲೆಯಲ್ಲ, ಪಿಯಾನೋ ಇರುವ ಶಾಲೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ, ಸಂತೋಷವೇ ಹೊಟ್ಟೆ ತುಂಬಿ ಕೂತಿದೆ. ಓಣಿಗೆಲ್ಲ ಹೇಳಿ ಮುಗಿಸಿದೆ. ಬಸ್ ಸ್ಟ್ಯಾಂಡಿನ ಹೂವಿನ ಸಾಲಿನವರಿಗೆ ಮೂರು ಸಲ ಹೇಳಿದೆ. ಈಗ ನನ್ನ ಕಂಡರೆ ಅವರು ಬುಟ್ಟಿಯೊಳಗೆ ಮುಖ ಹಾಕುತ್ತಾರೆ. ಇನ್ನು ಉಳಿದದ್ದು ಕಾಗದ ಒಂದೇ. ಆದರೆ ಈ ಸಂತೋಷದ ಮಾತು ಬರೆಯಬೇಕೆಂದರೆ ಆ ಪೆಟ್ಟಿಗೆ ಮಾಸ್ತರನನ್ನು ಬಿಟ್ಟು ಬರೆಯಲು ಬರುವುದಿಲ್ಲ. ಅದೊಂದೇ ನನಗೆ ಸಂಕಟ.

ಆತ ನಮ್ಮ ಮನೆಯ ಹೊರಕೋಣೆಯಲ್ಲಿ ಇದ್ದ. ಹಳ್ಳಿಹಳ್ಳಿಗೆ ಹೋಗಿ ರೈತರಿಗೆ ನಾಟಕ ಕಲಿಸುವುದು ಕಸುಬು. ಇಟ್ಟಿಗಿಯಲ್ಲಿ ಒಂದು ತಿಂಗಳು, ಉಚ್ಚಂಗಿದುರ್ಗದ ಕೆಳಗೆ ಒಂದು ತಿಂಗಳು. ಉಳಿದ ದಿನ ನಮ್ಮ ಕಟ್ಟೆಯ ಮೇಲೆ. ಅಂಥ ಮೈಗಳ್ಳನನ್ನು ನಾನು ನೋಡಿಲ್ಲ. ಒಂದು ಕೊಡ ನೀರು ಎತ್ತಿದವನಲ್ಲ. "ಬೆರಳು ಬಿರುಸಾಗ್ತಾವಕ್ಕಾ" ಅನ್ನುತ್ತಿದ್ದ, ಇದ್ದ ಹತ್ತು ಬೆರಳನ್ನೇ ನೆಟ್ಟಗೆ ಉಳಿಸಿಕೊಳ್ಳಲಾರದವ. ಚಹಾ ಬೇಕಾದರೆ ಬಾಯಿಬಿಟ್ಟು ಕೇಳುತ್ತಿರಲಿಲ್ಲ, ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದ. ಕೊಟ್ಟರೆ ಕುಡಿದು, ಲೋಟ ಇಟ್ಟು, "ಸಕ್ಕರಿ ಅರ್ಧ ಸ್ವರ ಇಳದೈತಿ" ಅನ್ನುತ್ತಿದ್ದ. ಇಟ್ಟಿಗಿಯ ದುರ್ಯೋಧನ ಶ್ರುತಿ ಬಿಟ್ಟು ಹಾಡಿದಾಗ ಪೆಟ್ಟಿಗೆಯ ಗಾಳಿ ನಿಲ್ಲಿಸಿ, "ಗೌಡ್ರ, ನೀವು ಎತ್ತಿನ್ನ ಕರೀರಿ, ಅದು ಬಂದ ಮ್ಯಾಲೆ ನಾ ಬಾರಸ್ತೀನಿ" ಅಂದಿದ್ದನಂತೆ. ಆ ಊರಿನವರು ಮತ್ತೆ ಆತನನ್ನು ಕರೆಯಲಿಲ್ಲ. ಅದನ್ನೂ ಒಂದು ದೊಡ್ಡಸ್ತಿಕೆಯ ಹಾಗೆ ನಮ್ಮ ಮುಂದೆ ಹೇಳಿಕೊಂಡ.

ಆತನ ಹತ್ತಿರ ಒಂದು ಪುಸ್ತಕ ಇತ್ತು. ಪುಸ್ತಕ ಅಂದರೆ ಅರ್ಧ ಪುಸ್ತಕ. ಹರೆಯದಲ್ಲಿ ಹರಪನಹಳ್ಳಿಯ ಮಿರ್ಚಿ ಅಂಗಡಿಯಲ್ಲಿ ಮಂಡಕ್ಕಿ ಕಟ್ಟಿಸಿಕೊಂಡಾಗ ಪೊಟ್ಟಣದ ಹಾಳೆಯಲ್ಲಿ ಪಿಯಾನೋ ಅನ್ನುವ ಮಾತು ಕಂಡಿತಂತೆ. ಓದುವಷ್ಟರಲ್ಲಿ ಎಣ್ಣೆಗೆ ಆ ಹಾಳೆಯೂ ಹರಿಯಿತು. ಅಂಗಡಿಯವನನ್ನು ಕಾಡಿ ಬೇಡಿ ಉಳಿದದ್ದನ್ನು ತಂದ. ಅಂಗಡಿಯವ ಪುಸ್ತಕವನ್ನು ಹಿಂದಿನಿಂದ ಹರಿಯುತ್ತ ಬಂದಿದ್ದ. ಹಾಗಾಗಿ ಹಿಂದಿನ ಅರ್ಧ ಹರಪನಹಳ್ಳಿಯ ಮಂದಿಯ ಕೈ ಒರೆಸಿ ಹೋಯಿತು, ಮುಂದಿನ ಅರ್ಧ ಈ ಮಹಾನುಭಾವನ ಪಾಲಿಗೆ ಬಂತು.

ಅದು ಜರ್ಮನಿ ದೇಶದ ಒಬ್ಬ ಪಿಯಾನೋ ಸಂಗೀತಗಾರನ ಜೀವನಚರಿತ್ರೆ. ಇನ್ನೂರು ವರ್ಷದ ಹಿಂದಿನವ. ಅಪ್ಪನದು ಪುಸ್ತಕದ ಅಂಗಡಿ. ಮಗ ವಕೀಲನಾಗಲಿ ಅಂತ ತಾಯಿಗೆ ಆಸೆ. ಅವನು ವಕೀಲಿ ಓದು ಬಿಟ್ಟು ಒಬ್ಬ ಗುರುವಿನ ಮನೆ ಸೇರಿ ಪಿಯಾನೋ ಹಿಡಿದ. ಗುರುವಿಗೆ ಒಬ್ಬಳು ಸಣ್ಣ ಮಗಳಿದ್ದಳು. ಆ ಹುಡುಗಿ ಇವನಿಗಿಂತ ಚೆನ್ನಾಗಿ ಬಾರಿಸುತ್ತಿದ್ದಳು. ಇವನ ಉಂಗುರದ ಬೆರಳು ಮಾತು ಕೇಳುತ್ತಿರಲಿಲ್ಲ. ಅದಕ್ಕೆ ಬಲ ಬರಲಿ ಅಂತ ಆ ಬೆರಳನ್ನು ದಾರದಿಂದ ಮೇಲಕ್ಕೆ ಕಟ್ಟಿ, ಉಳಿದ ಬೆರಳಿನಿಂದ ಗಂಟೆಗಟ್ಟಲೆ ಸಾಧನೆ ಮಾಡಿದ. ಅಲ್ಲಿಗೆ ಹಾಳೆ ಮುಗಿಯುತ್ತಿತ್ತು.

ನಾನು ಹೂ ಕಟ್ಟುತ್ತ ಕೂತಾಗ ನೂರು ಸಲ ಇದನ್ನು ಓದಿದ್ದಾನೆ. "ತಾಯಿ ಹೊಟ್ಟಿ ಉರಿಸಿ ಬೆರಳು ನೇತು ಹಾಕ್ಕೊಂಡನಾ? ಮುಂದ ಏನಾತು?" ಅಂದರೆ, "ಮುಂದೇನಕ್ಕಾ, ಜಗತ್ತಿಗೇ ದೊಡ್ಡಾವ ಆದ. ನಮ್ಮಂಗ ಇಟ್ಟಿಗಿ ದುರ್ಯೋಧನಗ ಬಾರಿಸಲಿಲ್ಲ" ಅನ್ನುತ್ತಿದ್ದ. ಹಾಳೆಯಲ್ಲಿ ಇಲ್ಲದ್ದನ್ನು ಇಷ್ಟು ಧೈರ್ಯದಿಂದ ಹೇಳುವವ ಮೊದಲು ಓದಿದ್ದನ್ನಾದರೂ ಸರಿಯಾಗಿ ಓದಿದ್ದಾನೋ ಇಲ್ಲವೋ ಅಂತ ನನಗೆ ಅನುಮಾನ.

ನನ್ನ ಮೊಮ್ಮಗಳು ಆರು ವರ್ಷದವಳಿದ್ದಾಗಲೇ ಆ ಪೆಟ್ಟಿಗೆಗೆ ಅಂಟಿಕೊಂಡಳು. ನಮ್ಮ ಮನೆಯಲ್ಲಿ ಆಸ್ತಿ ಅಂದರೆ ಬೆರಳು. ಹೊಲ ಇಲ್ಲ, ಅಂಗಡಿ ಇಲ್ಲ. ನನ್ನ ಅವ್ವನ ಬೆರಳು, ನನ್ನ ಬೆರಳು, ನನ್ನ ಮಗಳ ಬೆರಳು ದುಡಿದೇ ಒಲೆ ಹೊತ್ತಿದ್ದು. ಈ ಹುಡುಗಿಗೆ ನಾನು ಕೊಡಬಹುದಾದದ್ದೂ ಆ ಹತ್ತೇ. ಅವನ್ನು ಇಂಥವನ ಕೈಗೆ ಒಪ್ಪಿಸಿದೆನಲ್ಲ ಅಂತ ದಿನಾ ಅಂಜುತ್ತಿದ್ದೆ.

ಅಂಜಿದಂತೆಯೇ ಆಯಿತು. ಅವಳಿಗೆ ಒಂಬತ್ತು ತುಂಬಿತ್ತು. ಒಂದು ಮಧ್ಯಾಹ್ನ ಮಾರುಕಟ್ಟೆಗೆ ಹೂ ಕೊಟ್ಟು ಬಂದೆ. ಬಾಗಿಲಲ್ಲೇ ಮಾಸ್ತರನ ಕೂಗು ಕೇಳಿತು. ಒಳಗೆ ನೋಡಿದರೆ ಕಿಟಕಿಯ ಸರಳಿಗೆ ನನ್ನ ಬಾಳೆನಾರು ಬಿಗಿದಿದೆ, ಅದರ ಇನ್ನೊಂದು ತುದಿಯಲ್ಲಿ ನನ್ನ ಮೊಮ್ಮಗಳ ಉಂಗುರದ ಬೆರಳು. ಜರ್ಮನಿಯವನ ಹಾಗೆ ಬಲ ಬರಲಿ ಅಂತ ಅವಳೇ ಕಟ್ಟಿಕೊಂಡಿದ್ದಳು. ಹೂ ಕಟ್ಟುವವರಿಗೆ ಗೊತ್ತು, ನಾರನ್ನು ನಾವು ನೀರಿನಲ್ಲಿ ನೆನೆಸಿಟ್ಟಿರುತ್ತೇವೆ. ಒಣಗುತ್ತ ಒಣಗುತ್ತ ಅದು ಬಿಗಿಯುತ್ತದೆ. ಆಗಲೇ ಒಣಗಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಹುಡುಗಿ ಅಳುತ್ತ ಎಳೆದಷ್ಟೂ ಗಂಟು ಒಳಗೆ ಹೋಗುತ್ತಿತ್ತು.

ಮೈಗಳ್ಳ ಮಾಸ್ತರ ಮಂಡಿಯೂರಿ ಕೂತು ಹಲ್ಲಿನಿಂದ ನಾರು ಕಡಿಯುತ್ತಿದ್ದ. ತುಟಿ ಸೀಳಿ ರಕ್ತ ಬಂದಿತ್ತು. ನಾನು ಕತ್ತರಿ ತರುವಷ್ಟರಲ್ಲಿ ಕಡಿದಿದ್ದ. ಅವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ತಗೊಂಡು ತಿಕ್ಕಿದ, ತಿಕ್ಕಿದ, ಬಣ್ಣ ತಿರುಗುವವರೆಗೂ ತಿಕ್ಕಿದ.

"ನಿನ್ನ ಕಥಿಗೆ ಬೆಂಕಿ ಹಚ್ಚ. ಕೂಸಿನ ತಲ್ಯಾಗ ಏನು ತುಂಬೀದಿ?" ಅಂದೆ. ಎದುರಿಗೆ ಎಂದೂ ಏಕವಚನ ಅಂದವಳಲ್ಲ, ಅವತ್ತು ಬಂತು.

ಆತ ಶಾಲು ತೆಗೆದು ಆ ಬೆರಳನ್ನು ಹುಡುಗಿಯ ಕಣ್ಣ ಮುಂದೆ ಹಿಡಿದ. "ನೋಡು ತಂಗಿ. ಬಂಡಿ ಅಲ್ಲ, ಚೇಳೂ ಅಲ್ಲ. ಇಪ್ಪತ್ತರ ವಯಸ್ಸಿನ್ಯಾಗ ನಾನೂ ಇದನ್ನ ಜಂತಿಗೆ ಕಟ್ಟಿದ್ದೆ. ಒಂದು ತಿಂಗಳು. ಆತಗ ಬಲ ಬಂತು, ನನಗ ಹಿಂಗಾತು. ನನ್ನ ಬೆರಳಿನ್ಯಾಗs ಯೋಗ್ಯತಿ ಇರಲಿಲ್ಲ."

"ಇಷ್ಟು ದಿನ ಕೂಸಿಗೆ ಕಥಿ ಹೇಳಿದ್ರಿ, ಇದನ್ಯಾಕ ಹೇಳಲಿಲ್ಲ?" ಅಂದೆ.

"ನಾಚಿಕಿ ಅಕ್ಕಾ" ಅಂದ.

ಒಬ್ಬ ಮುದುಕನ ನಾಚಿಕೆಗೆ ಒಂದು ಹುಡುಗಿಯ ಬೆರಳು ಹೋಗುವುದರಲ್ಲಿತ್ತು. ಇದನ್ನು ನಾನು ಇವತ್ತಿಗೂ ಮರೆತಿಲ್ಲ, ಮರೆಯುವುದೂ ಇಲ್ಲ. ಮರುದಿನದಿಂದ ಆತ ಹೊಸ ಸಾಧನೆ ಶುರು ಮಾಡಿದ. ಪೆಟ್ಟಿಗೆ ಮುಚ್ಚಿ ಅವಳನ್ನು ನನ್ನ ಎದುರು ಕೂರಿಸಿ, "ನಿಮ್ಮಜ್ಜಿ ಉಂಗುರದ ಬೆರಳು ನೋಡು, ಉಳಿದವನ್ನ ಕೇಳದs ಹೆಂಗ ನಡೀತೈತಿ. ಹೂ ಕಟ್ಟು. ಜರ್ಮನಿಯಾಗ ಇದು ಇರಲಿಲ್ಲ" ಅಂದ. ನನ್ನನ್ನು ಹೊಗಳಿ ಚಹಾ ಗಿಟ್ಟಿಸುವ ಉಪಾಯ ಅಂತ ತಿಳಿದೆ. ಚಹಾ ಕೊಟ್ಟೆ. ಆದರೆ ಹುಡುಗಿ ದಿನಾ ಎರಡು ಮಾರು ಕಟ್ಟಿ ಆಮೇಲೆ ಪೆಟ್ಟಿಗೆ ಮುಟ್ಟಿದಳು; ವರ್ಷ ತುಂಬುವಷ್ಟರಲ್ಲಿ ಅವಳ ಬೆರಳು ಆತನನ್ನು ಹಿಂದೆ ಹಾಕಿದವು.

ಅವಳು ಕಾಲೇಜಿಗೆ ಹೋಗಿ ಪಿಯಾನೋ ಹಿಡಿದ ಮೇಲೆ ಒಂದು ರಜೆಯಲ್ಲಿ ಫೋನಿನಲ್ಲಿ ಹುಡುಕಿ ಆ ಜರ್ಮನಿಯವನ ಪೂರ್ತಿ ಚರಿತ್ರೆ ತೆಗೆದಳು. ಹಾಳೆ ಇಲ್ಲದ ಅರ್ಧವನ್ನು ಕನ್ನಡದಲ್ಲಿ ಒಂದು ನೋಟುಬುಕ್ಕಿನಲ್ಲಿ ಬರೆದು ತಂದಳು. ಮಾಸ್ತರ ಆಗ ಹಾಸಿಗೆ ಹಿಡಿದಿದ್ದ. ಅವಳು ಪಕ್ಕದಲ್ಲಿ ಕೂತು ಓದಿದಳು. ಕಟ್ಟಿದ ಬೆರಳು ಕೆಟ್ಟೇ ಹೋಯಿತು. ಬಾರಿಸುವವನಾಗುವ ಆಸೆ ಅಲ್ಲಿಗೆ ಮುಗಿಯಿತು. ಆಮೇಲೆ ಅವನು ಸಂಗೀತ ಬರೆಯಲು ಕೂತ. ಗುರುವಿನ ಮಗಳನ್ನೇ ಮದುವೆಯಾದ. ಅವನು ಬರೆದದ್ದನ್ನು ಅವಳು ಊರೂರಿಗೆ ಹೋಗಿ ಬಾರಿಸಿದಳು. ಕೊನೆಗೆ ಅವನು ಬುದ್ಧಿ ಕೆಟ್ಟು ಹೊಳೆಗೆ ಹಾರಿದ, ದೋಣಿಯವರು ಎತ್ತಿದರು, ಆಸ್ಪತ್ರೆಯಲ್ಲಿ ಸತ್ತ. ಅವಳು ಮಕ್ಕಳನ್ನು ಕಟ್ಟಿಕೊಂಡು ಮುಂದೆ ನಲವತ್ತು ವರ್ಷ ಅವನದನ್ನು ಬಾರಿಸುತ್ತಲೇ ಇದ್ದಳು.

ಮಾಸ್ತರನ ಕೈ ಶಾಲಿನಿಂದ ಹೊರಗೆ ಬಂತು.

"ಆತಂದೂ ಹೋತೇನು?" ಅಂದ.

"ಹೋತ್ರಿ ಮಾಸ್ತರ" ಅಂದಳು ಮೊಮ್ಮಗಳು.

"ನಾ ಒಬ್ಬನs ದಡ್ಡ ಅಂದ್ಕಂಡಿದ್ನಲ್ಲಾ ಇಷ್ಟು ವರ್ಷ."

"ಇಬ್ರೂ ದಡ್ಡರs" ಅಂದೆ ನಾನು. "ಆ ಹೆಣ್ಣುಮಗಳು ಒಬ್ಬಾಕಿ ಶಾಣ್ಯಾಕಿ."

ಆತ ನಕ್ಕ. ಕೆಮ್ಮು ಬರುವಷ್ಟು ನಕ್ಕ. ಈ ಸಲ ಚಹಾದ ಕೆಮ್ಮಲ್ಲ. "ಆ ಬೆರಳಿನ ಹಾಳಿ ಇನ್ನೊಮ್ಮೆ ಓದು ತಂಗಿ" ಅಂದ. ಅವಳು ಓದಿದಳು. ಮೂರು ಸಲ ಓದಿಸಿದ. ಅವತ್ತಿನಿಂದ ಸಾಯುವವರೆಗೆ ಆ ಕೈಯನ್ನು ಮುಚ್ಚಿಡಲಿಲ್ಲ. ನೋಡಲು ಬಂದವರಿಗೆಲ್ಲ ತಾನೇ ಎತ್ತಿ ತೋರಿಸುತ್ತಿದ್ದ; ಅದನ್ನೂ ಒಂದು ಬಿರುದಿನ ಹಾಗೆ. ಆತನ ಬುದ್ಧಿಯೇ ಅಷ್ಟು. ಮುಂಗಾರು ಶುರುವಾಗುವ ಮೊದಲು ಹೋದ. ಪೆಟ್ಟಿಗೆ, ಅರ್ಧ ಪುಸ್ತಕ ನಮ್ಮ ಮನೆಗೆ ಬಂದವು. ಅರ್ಧ ಪುಸ್ತಕಕ್ಕೆ ಮೊಮ್ಮಗಳ ನೋಟುಬುಕ್ಕು ಸೇರಿಸಿ ನಾನೇ ಬಾಳೆನಾರಿನಿಂದ ಹೊಲಿದಿಟ್ಟಿದ್ದೇನೆ.

ಹೋದ ವಾರ ಮೊಮ್ಮಗಳು ನನ್ನನ್ನು ಅವಳ ಶಾಲೆಗೆ ಕರೆದುಕೊಂಡು ಹೋದಳು. ಪಿಯಾನೋ ನಮ್ಮ ಕಟ್ಟೆಯಷ್ಟು ಉದ್ದ ಇದೆ. ಜರ್ಮನಿಯವನು ಬರೆದದ್ದನ್ನೇ ಬಾರಿಸಿದಳಂತೆ. ನನಗೆ ಸಂಗೀತ ತಿಳಿಯುವುದಿಲ್ಲ, ನಾನು ಕೇಳಲೂ ಇಲ್ಲ. ಅವಳ ಬಲಗೈಯನ್ನೇ ನೋಡುತ್ತಿದ್ದೆ. ಉಂಗುರದ ಬೆರಳು ನೆಟ್ಟಗೆ ಇಳಿಯುತ್ತಿತ್ತು, ನೆಟ್ಟಗೆ ಏಳುತ್ತಿತ್ತು. ಬುಡದಲ್ಲಿ ನಾರು ಕಚ್ಚಿದ ಬಿಳಿ ಗೆರೆ ಒಂದಿದೆ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಆತ ಸೋಮಾರಿ, ಬಡಾಯಿಕೋರ, ಅರ್ಧ ಓದಿ ಪೂರ್ತಿ ಮಾತಾಡಿದವ. ಇದರಲ್ಲಿ ಒಂದು ಅಕ್ಷರವನ್ನೂ ನಾನು ಹಿಂದಕ್ಕೆ ತಗೊಳ್ಳುವುದಿಲ್ಲ. ಆ ಬೆರಳು ಮಾತ್ರ ಆತ ಹಲ್ಲಿನಿಂದ ನಾರು ಕಡಿದು ಬಿಡಿಸಿಕೊಟ್ಟದ್ದು.