ಆರಾರು ಗಂಟು

ಆ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ವಿಭಾಗವಿದೆಯಲ್ಲ, ಅಲ್ಲಿನ ಮುಖ್ಯಸ್ಥೆಯನ್ನು ಎಲ್ಲರೂ ಬುಗುರಿಯಕ್ಕ ಎಂದೇ ಕರೆಯುತ್ತಾರೆ. ಅವಳು ಕೂತದ್ದನ್ನು ಕಂಡವರಿಲ್ಲ. ಯಂತ್ರದ ಹತ್ತಿರ ಇದ್ದಾಳೆಂದು ಹೋದರೆ ಇಸ್ತ್ರಿ ಮೇಜಿನ ಕಡೆಯಿಂದ ದನಿ ಬರುತ್ತದೆ. ಅಲ್ಲಿಗೆ ಹೋದರೆ ಲಿಫ್ಟಿನ ಬಾಗಿಲಲ್ಲಿ ಅವಳ ಬೀಗದ ಕೈಗೊಂಚಲು ಝಣಗುಟ್ಟುತ್ತದೆ. ಚಹಾವನ್ನೂ ನಡೆಯುತ್ತಲೇ ಕುಡಿಯುವ ಹೆಂಗಸು. ಹತ್ತೊಂಬತ್ತು ವರ್ಷದಿಂದ ಹೀಗೇ ಸುತ್ತುತ್ತಿದ್ದಾಳೆ.

ಅವಳಿಗೊಂದು ಹೆಮ್ಮೆಯಿತ್ತು: ತನ್ನಷ್ಟು ಸರಿಸಮ ಹಂಚುವವರು ಯಾರೂ ಇಲ್ಲ ಎಂದು. ದಿನಕ್ಕೆ ಮೂವತ್ತಾರು ಗಂಟು ಕೊಳೆ ಬಟ್ಟೆ ಕೆಳಗಿಳಿಯುತ್ತದೆ. ಕೆಲಸಕ್ಕೆ ಆರು ಜನ. ಬೆಳಿಗ್ಗೆ ಲಿಫ್ಟಿನ ಮುಂದೆ ನಿಂತು "ಇದು ನಿಂಗೆ, ಇದು ನಿಂಗೆ" ಎಂದು ಬೆರಳು ತೋರಿಸುತ್ತಾ ಹೋದಳೆಂದರೆ ತಲೆಗೆ ಆರಾರು ಗಂಟು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಹೀಗಿರುವಾಗ ಒಂದು ಬುಧವಾರ ಆ ಆರು ಜನರಲ್ಲೊಬ್ಬಳಾದ ಹೂಮಕ್ಕ ಒಂದು ಪತ್ರ ತಂದು ಅವಳ ಕೈಗಿಟ್ಟಳು. ಮೂಲೆಯ ಹಳೇ ಯಂತ್ರ ಕೇಳುವುದು ಈ ಹೂಮಕ್ಕನೊಬ್ಬಳ ಮಾತನ್ನೇ. ಏನು ಹೇಳಿದರೂ "ಹೂಂ" ಎನ್ನುತ್ತಾಳೆಂದು ಆ ಹೆಸರು. ಪತ್ರದಲ್ಲಿ ಇದ್ದದ್ದು ಎರಡೇ ಸಾಲು: ನನ್ನನ್ನು ಗುಡಿಸುವ ವಿಭಾಗಕ್ಕೆ ಹಾಕಿಕೊಡಿ. ಆ ತಿಂಗಳ ವರ್ಗಾವಣೆಗೆ ಸೇರಬೇಕಾದರೆ ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಬುಗುರಿಯಕ್ಕ ಅದಕ್ಕೆ ಸಹಿ ಹಾಕಿ ಮೇಲಿನ ಆಫೀಸಿಗೆ ಕಳಿಸಬೇಕು.

"ಏನೇ ಇದು? ನಿಂಗೇನು ಕಡಿಮೆ ಮಾಡಿದೀನಿ ನಾನು?"

"ಮಣಿಕಟ್ಟು ಆಗ್ತಿಲ್ಲ ಅಕ್ಕ."

"ಎಲ್ಲರಿಗೂ ಆರೇ ಗಂಟಲ್ವೇನೇ!"

"ಗಂಟು ಆರೇ ಅಕ್ಕ. ಒಂದ್ಸಲ ಎತ್ತಿ ನೋಡಿ."

ಅಷ್ಟು ಉದ್ದದ ಮಾತು ಅವಳ ಬಾಯಿಂದ ಬಂದದ್ದೇ ಹೊಸದು. ಇಡೀ ದಿನ ಬುಗುರಿಯಕ್ಕ ಎಂದಿಗಿಂತ ಜೋರಾಗಿ ಸುತ್ತಿದಳು. ಸಂಜೆ ಮನೆಗೆ ಬಂದವಳು ಗಂಡನ ಅಂಗಡಿಯ ಮುಂದೆಯೇ ಅಡ್ಡಾಡತೊಡಗಿದಳು. ಅವನು ಮಿಕ್ಸಿ, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವನು. ತಲೆಯೆತ್ತದೆ ಎಲ್ಲ ಕೇಳಿಸಿಕೊಂಡ.

"ನೀನು ಗಂಟು ಎತ್ತಿ ಎಷ್ಟು ವರ್ಷ ಆಯ್ತು?" ಎಂದ.

"ನಾನ್ಯಾಕೆ ಎತ್ತಲಿ? ನನ್ನ ಕೆಲಸ ಹಂಚೋದು."

"ಅದಕ್ಕೇ ಕೇಳ್ದೆ," ಎಂದು ಅವನು ಮತ್ತೆ ಸ್ಕ್ರೂ ತಿರುಗಿಸಿದ.

ಮರುದಿನ ಅವಳು ಉಗ್ರಾಣದಿಂದ ಸೋಪಿನ ಪುಡಿ ತೂಗುವ ತಕ್ಕಡಿಯನ್ನು ದರದರ ಎಳೆದು ತಂದಳು. ಎಂದಿನಂತೆಯೇ ಗಂಟು ಹಂಚಿ, ಆಮೇಲೆ ಒಂದೊಂದನ್ನೂ ತಾನೇ ಎತ್ತಿ ತೂಗಿದಳು. ಎಳೆಗೂಸುಗಳ ವಾರ್ಡಿನದು ನಾಲ್ಕು ಕಿಲೋ. ಆಪರೇಷನ್ ಕೋಣೆಯ ಒದ್ದೆ ಹಸಿರು ಬಟ್ಟೆಯದು ಹದಿನೆಂಟು! ಎತ್ತಿದವಳ ಸೊಂಟ ಕಳಕ್ ಎಂದಿತು.

ಸೀಮೆಸುಣ್ಣ ಹಿಡಿದು ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಯುತ್ತಾ ಹೋದಳು. ಹೂಮಕ್ಕನ ಆರು ಗಂಟು ಸೇರಿ ತೊಂಬತ್ತನಾಲ್ಕು ಕಿಲೋ. ಕೊನೆಗೆ ಉಳಿದದ್ದು ಆರನೆಯವಳು, ಬುಗುರಿಯಕ್ಕನ ಸ್ವಂತ ನಾದಿನಿಯ ಹೆಸರು. ಅಲ್ಲಿ ಕೈ ನಿಂತಿತು.

"ಅತ್ತಿಗೆ, ಎಲ್ಲರ ಮುಂದೆ ಬರೀತೀರಾ?" ಎಂದಳು ನಾದಿನಿ ಮೆಲ್ಲಗೆ.

"ಬರೀದೆ ಇರಕ್ಕಾಗುತ್ತಾ?" ಎಂದು ಬರೆದಳು: ಮೂವತ್ತೊಂದು.

ಬುಗುರಿಯಕ್ಕನಿಗೆ ಆಗ ಹೊಳೆಯಿತು. ಬೇಕೆಂದು ಮಾಡಿದ್ದಲ್ಲ. ಭಾರದ ಗಂಟು ಕಂಡಾಗ ಅವಳ ಬೆರಳು ಯಾರು ಮುಖ ಸಿಂಡರಿಸುವುದಿಲ್ಲವೋ ಅವರ ಕಡೆಗೇ ಹೋಗುತ್ತಿತ್ತು. ಹಗುರದ್ದು ಕಂಡಾಗ, ಯಾರು ಮನೆಗೆ ಹೋಗಿ ತನ್ನ ಅತ್ತೆಯ ಕಿವಿ ಕಚ್ಚುತ್ತಾರೋ ಅವರ ಕಡೆಗೆ.

ಮೊದಲು ಮಾತೆತ್ತಿದವಳು ರೇಡಿಯೋ. ಬಾಯಿ ಮುಚ್ಚದ್ದಕ್ಕೇ ಆ ಹೆಸರು ಪಡೆದ ಇಸ್ತ್ರಿಯವಳು, "ಅಕ್ಕ, ನಮ್ಮ ಮೈತೂಕಾನೂ ಹಲಗೆ ಮೇಲೆ ಬರೀತೀರಾ? ಹಾಗಿದ್ರೆ ನಂಗೂ ಒಂದು ಪತ್ರ ಬರ್ಕೊಡಿ!" ಎಂದಳು. ನಕ್ಕದ್ದೇ ನಕ್ಕದ್ದು. ನಕ್ಕ ಮೇಲೆ ಜಗಳ. ಒಬ್ಬಳು ತೂಕ ಎಂದರೆ ಇನ್ನೊಬ್ಬಳು ಕಲೆ ಎಂದಳು. ರಕ್ತದ ಕಲೆಯನ್ನು ಉಜ್ಜುವುದೇನು ಸುಮ್ಮನೆಯೇ? ಊಟದ ಹೊತ್ತು ಮುಗಿಯುವಷ್ಟರಲ್ಲಿ ಎಲ್ಲರೂ ಸೇರಿ ಒಂದು ತಿಂಗಳಿಗೆ ಗುರಿಯೊಂದನ್ನು ಇಟ್ಟುಕೊಂಡರು: ವಾರದ ಕೊನೆಗೆ ಒಬ್ಬರಿಗೂ ಇನ್ನೊಬ್ಬರಿಗೂ ಹತ್ತು ಕಿಲೋಗಿಂತ ಹೆಚ್ಚು ಅಂತರ ಇರಬಾರದು. ಹನ್ನೆರಡು ಕಿಲೋ ದಾಟಿದ ಗಂಟನ್ನು ಬಿಚ್ಚಿ ಎರಡು ಮಾಡಬೇಕು. ಕಲೆಯ ಬಟ್ಟೆಗೆ ಸರದಿ. ಬೆರಳು ತೋರಿಸಿ ಹಂಚುವುದು ಬಂದ್; ಹಲಗೆಯ ಮೇಲೆ ಬರೆದೇ ಹಂಚಬೇಕು, ತಪ್ಪಿದ್ದರೆ ಯಾರು ಬೇಕಾದರೂ ಕೇಳಬಹುದು.

ಹೂಮಕ್ಕ ಮಾತ್ರ "ಹೂಂ" ಎನ್ನಲಿಲ್ಲ. ಸುಮ್ಮನೆ ಹಲಗೆ ನೋಡುತ್ತಿದ್ದಳು. ಪತ್ರ ಬುಗುರಿಯಕ್ಕನ ಏಪ್ರನ್ ಜೇಬಿನಲ್ಲಿ ಮುಳ್ಳಿನಂತೆ ಚುಚ್ಚುತ್ತಲೇ ಇತ್ತು. ಶುಕ್ರವಾರ ಪೂರ್ತಿ ಅದನ್ನು ಹೊರತೆಗೆದಳು, ಒಳಗಿಟ್ಟಳು.

ಶನಿವಾರ ಹನ್ನೊಂದೂವರೆಗೆ ಆಪರೇಷನ್ ಕೋಣೆಯಿಂದ ಇನ್ನೊಂದು ಗಂಟು ಬಂತು. ಹೂಮಕ್ಕ ಆಗಷ್ಟೇ ಕೈಯೊರೆಸಿಕೊಂಡು, ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಳು. ಹತ್ತೊಂಬತ್ತು ವರ್ಷದ ಅಭ್ಯಾಸ ಎಲ್ಲಿ ಹೋಗುತ್ತದೆ?

"ಇದೊಂದು ಎತ್ಕೊಳ್ಳೇ," ಎಂದು ಬುಗುರಿಯಕ್ಕ ಬೆರಳು ಚಾಚಿಯೇ ಬಿಟ್ಟಳು.

"ಊಹೂಂ."

ರೇಡಿಯೋ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ತಿರುಗಿ ನೋಡಿದಳು.

"ಹಲಗೆ ನೋಡಿ ಅಕ್ಕ," ಎಂದಳು ಹೂಮಕ್ಕ. "ನನ್ನ ಪಾಲು ಆಯ್ತು. ಎಲ್ಲರದ್ದೂ ಆಯ್ತು. ನಿಮ್ಮ ಹೆಸರೇ ಇಲ್ವಲ್ಲ ಅದ್ರಲ್ಲಿ?"

ಬುಗುರಿಯಕ್ಕ ನಿಂತಳು. ನಿಜವಾಗಿಯೂ ನಿಂತಳು. ಆಮೇಲೆ ಹಲಗೆಯ ಕೊನೆಗೆ ಹೋಗಿ ಏಳನೆಯ ಹೆಸರು ಬರೆದಳು. ಗಂಟು ತೂಗಿದಾಗ ಹದಿನೇಳು. ಬಿಚ್ಚಿ ಎರಡು ಮಾಡಿ, ಎರಡನ್ನೂ ತಾನೇ ಹೊತ್ತು ಯಂತ್ರಕ್ಕೆ ತುಂಬಿದಳು. ಮೂಲೆಯ ಯಂತ್ರ ಅವಳ ಕೈಯಲ್ಲಿ ಮೊಂಡಾಟ ಹೂಡಿತು. ಹೂಮಕ್ಕ ಬಂದು ಬಾಗಿಲಿಗೆ ಮೊಣಕಾಲಿನಿಂದ ಒಂದು ಗುದ್ದು ಕೊಟ್ಟಳು, ತಿರುಗತೊಡಗಿತು.

ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಬುಗುರಿಯಕ್ಕ ಒದ್ದೆ ಕೈಯಲ್ಲೇ ಪತ್ರ ತೆಗೆದಳು. "ಸಹಿ ಹಾಕ್ಲಾ, ಹರೀಲಾ?"

"ಹಾಕ್ಬೇಡಿ. ಹರೀಲೂಬೇಡಿ," ಎಂದಳು ಹೂಮಕ್ಕ. "ತಿಂಗಳಾಗ್ಲಿ. ಹಲಗೆ ನೋಡ್ಕೊಂಡು ಹೇಳ್ತೀನಿ."

ಆ ಪತ್ರ ಇನ್ನೂ ಏಪ್ರನ್ ಜೇಬಿನಲ್ಲೇ ಇದೆ. ಬುಗುರಿಯಕ್ಕ ಇನ್ನೂ ಸುತ್ತುತ್ತಲೇ ಇದ್ದಾಳೆ. ಆದರೆ ಸುತ್ತಿಗೊಮ್ಮೆ ಹಲಗೆಯ ಮುಂದೆ ನಿಂತು, ಮೇಲಿನ ಹೆಸರಿನಿಂದ ತನ್ನ ಹೆಸರಿನವರೆಗೆ ಬೆರಳಿಟ್ಟು ಓದಿ, ಜೇಬು ಮುಟ್ಟಿ ನೋಡಿಕೊಂಡು ಮುಂದಕ್ಕೆ ಹೋಗುತ್ತಾಳೆ.