ಒತ್ತಾಯವಿಲ್ಲದ ಅಧಿಕಾರಿ

ಸಿಕಂದರಾಬಾದಿನ ನಮ್ಮ ಪಕ್ಕದ ಮನೆಯವರು ಸರಕುಗಳ ಗುಣಮಟ್ಟ ಗೊತ್ತುಮಾಡುವ ರಾಷ್ಟ್ರೀಯ ಕಚೇರಿಯ ಅಧಿಕಾರಿ. ಅವರ ನಿಯಮಗಳನ್ನು ಪಾಲಿಸುವುದು, ಬಿಡುವುದು ತಯಾರಕರ ಇಷ್ಟ. ಯಾವ ವಸ್ತು ಸಿಕ್ಕರೂ ಕಣ್ಣುಮುಚ್ಚಿ ಅಂಚಿನ ಮೇಲೆ ಬೆರಳಾಡಿಸಿ, ಕೊರತೆ ಇದ್ದರೆ ಹೇಳಿ, “ಒತ್ತಾಯ ಏನಿಲ್ರಿ” ಎನ್ನುತ್ತಿದ್ದರು.

ಹೈದರಾಬಾದಿನ ಅಂಚಿನ ಗಚ್ಚಿಬೌಲಿಯಲ್ಲಿ ಬಂಡೆಗಳ ನಡುವೆ ಗಾಜಿನ ಕಚೇರಿಗಳು ಏಳುತ್ತಿದ್ದ ಕಾಲ. ಅವರೂ ನಾನೂ ಅಲ್ಲಿ ಕಟ್ಟುತ್ತಿದ್ದ ಒಂದೇ ಕಟ್ಟಡದಲ್ಲಿ ಫ್ಲಾಟ್ ಕೊಂಡಿದ್ದೆವು. ನೋಡಲು ಹೋದಾಗ ಬಾಲ್ಕನಿಯ ಕಂಬಿ ಸೊಂಟಕ್ಕಿಂತ ಕೆಳಗಿರುವುದನ್ನು ಅವರು ಬಿಲ್ಡರ್‌ಗೆ ತೋರಿಸಿದರು.

“ಎತ್ತರ ಮಾಡಲೇಬೇಕೇನ್ರಿ?” ಎಂದ ಬೀದರ ಕಡೆಯ ಬಿಲ್ಡರ್.

“ಒತ್ತಾಯ ಏನಿಲ್ರಿ. ನೀವೇ ಒಮ್ಮೆ ಒರಗಿ ನಿಂತು ನೋಡ್ರಿ.”

ಬಿಲ್ಡರ್ ಒರಗಿ ಕೆಳಗೆ ನೋಡಿದ. ಮರುಕ್ಷಣ ಹಿಂದೆ ಸರಿದು ಅಧಿಕಾರಿಯ ತೋಳು ಹಿಡಿದುಕೊಂಡ. ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಎಲ್ಲ ಮಹಡಿಗಳಲ್ಲೂ ಕಂಬಿ ಎದೆಮಟ್ಟಕ್ಕೆ ಏರಿತು. ಮನೆಗಳು ತುಂಬಿದ ಮೇಲೆ ಒಂದು ಸಂಜೆ ಆ ಕಂಬಿಗಳ ಮೇಲೆ ಒದ್ದೆ ಸೀರೆಗಳು ಗಾಳಿಗೆ ಉಬ್ಬಿದ್ದವು. ಕೆಳಗೆ ಅಂಗಳದಲ್ಲಿ ನಿಂತ ಅಧಿಕಾರಿ, ಊರೊಂದು ಹಾಯಿ ಬಿಚ್ಚಿ ಆಕಾಶಕ್ಕೆ ಹೊರಟಿದೆಯೇನೋ ಎಂಬಂತೆ ಅದನ್ನೇ ನೋಡುತ್ತಿದ್ದರು.